ಮಿನಿ ಟ್ರ್ಯಾಕ್ಟರಿಗೆ ಕಳಚಿಡುವ ಕ್ಯಾಬಿನ್: ನೆರಳಿಗೆ ಸರಿ, ರೋಲ್‌ಬಾರ್ ಮಾತ್ರ ಬಿಚ್ಚಬೇಡಿ!

ಉಡುಮಲಪೇಟೆ: ಪಾಲಕ್ಕಾಡಿನ ಕಡೆಯಿಂದ ಮುಂಗಾರಿನ ಗಾಳಿ ಎದ್ದಿತೆಂದರೆ ಉಡುಮಲಪೇಟೆ, ಪೊಳ್ಳಾಚಿ, ಪಲ್ಲಡಂ ಸುತ್ತಿನ ಹೊಲಗಳಲ್ಲಿ ಟ್ರ್ಯಾಕ್ಟರ್ ಓಡಿಸುವವರ ಕಣ್ಣಿಗೆ ಮಣ್ಣು ಗ್ಯಾರಂಟಿ. ಗಾಳಿ ಇಲ್ಲದ ತಿಂಗಳಲ್ಲಿ ನೆತ್ತಿ ಸುಡುವ ಬಿಸಿಲು. ತೆಂಗಿನ ತೋಟಕ್ಕೆ ಇಳಿದರೆ ನೆರಳೇನೋ ಉಂಟು, ಆದರೆ ಮೇಲಿಂದ ಕಾಯಿ ಯಾವಾಗ ಬೀಳುತ್ತದೋ ಹೇಳೋಕಾಗಲ್ಲ. ಇಷ್ಟೆಲ್ಲ ಸಹಿಸಿಕೊಂಡು ದಿನವಿಡೀ ಕೂರಬೇಕಾದ ಸೀಟಿಗೆ ಕಂಪನಿಯವರು ಕೊಡುವುದು ಬರಿಯ ಆಕಾಶ!

ಹಾಗಾಗಿಯೇ ಮಿನಿ ಟ್ರ್ಯಾಕ್ಟರಿಗೆ ಮನೆಯಲ್ಲೇ ಒಂದು ಟಾಪ್, ಅನುಕೂಲ ಇದ್ದರೆ ಗಾಜು ಇಟ್ಟ ಪುಟ್ಟ ಕ್ಯಾಬಿನ್ ಕಟ್ಟಿಕೊಳ್ಳುವ ಆಸೆ ರೈತರಿಗೆ. ಬೇಕಾದಾಗ ಕೂರಿಸಿ, ಬೇಡವಾದಾಗ ಕಳಚಿಡುವಂತಿದ್ದರೆ ಇನ್ನೂ ಚೆನ್ನ. ಕೆಲಸ ಕಷ್ಟದ್ದಲ್ಲ. ಆದರೆ ಇದರಲ್ಲಿ ಜೀವಕ್ಕೆ ಸಂಬಂಧಿಸಿದ ಒಂದು ಲೆಕ್ಕ ಇದೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳವರೂ, ಗಡಿಯ ಈಚೆಗಿನ ಚಾಮರಾಜನಗರ, ಗುಂಡ್ಲುಪೇಟೆಯ ಬಾಳೆ-ಅರಿಶಿನದ ರೈತರೂ ವೆಲ್ಡಿಂಗ್ ಶಾಪಿಗೆ ಹೋಗುವ ಮುಂಚೆ ಆ ಲೆಕ್ಕ ತಿಳಿದಿರಬೇಕು.

ಗಾಳಿಯ ಹೆಬ್ಬಾಗಿಲು

ಪಶ್ಚಿಮ ಘಟ್ಟದ ಸಾಲಿನಲ್ಲಿ ಪಾಲಕ್ಕಾಡು ಬಳಿ ಮೂವತ್ತು-ನಲವತ್ತು ಕಿ.ಮೀ. ಅಗಲದ ಒಂದು ತೆರಪು ಇದೆ. ಪಾಲಕ್ಕಾಡು ಗ್ಯಾಪ್ ಎಂದೇ ಅದಕ್ಕೆ ಹೆಸರು. ಅರಬ್ಬಿ ಸಮುದ್ರದ ಗಾಳಿ ಈ ಬಾಗಿಲಿನಿಂದ ನುಗ್ಗಿ ಕೊಂಗುನಾಡಿಗೆ ಬರುತ್ತದೆ. ಪಲ್ಲಡಂ, ಉಡುಮಲಪೇಟೆ ಕಡೆ ಸಾಲುಸಾಲಾಗಿ ಗಾಳಿಯಂತ್ರಗಳು ನಿಂತಿರುವುದೂ ಇದೇ ಕಾರಣಕ್ಕೆ. ವಿದ್ಯುತ್ ತಯಾರಿಸುವವರಿಗೆ ಅದು ಲಾಭ, ರೋಟವೇಟರ್ ಹೊಡೆಯುವವರಿಗೆ ಧೂಳು.

2009ರಲ್ಲಿ ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾದಾಗ ಉಡುಮಲಪೇಟೆ, ಪಲ್ಲಡಂ, ಅವಿನಾಶಿ ಅದರ ಪಾಲಿಗೆ ಹೋದವು. ಪೊಳ್ಳಾಚಿ, ಅನ್ನೂರು, ಮೆಟ್ಟುಪಾಳಯಂ ಕೊಯಮತ್ತೂರಿನಲ್ಲೇ ಉಳಿದವು. ಜಿಲ್ಲೆ ಎರಡಾದರೂ ಬೇಸಾಯದ ಪಾಡು ಒಂದೇ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವ ಒಕ್ಕಲಿಗರು, ದೇವಾಂಗದವರು ಈ ಸೀಮೆಯಲ್ಲಿ ತಲೆಮಾರುಗಳಿಂದ ಇದ್ದಾರೆ. 1799ರಲ್ಲಿ ಟಿಪ್ಪು ಸುಲ್ತಾನ್ ಸಾಯುವವರೆಗೂ ಕೊಯಮತ್ತೂರು ಮೈಸೂರಿನ ಆಳ್ವಿಕೆಯಲ್ಲೇ ಇತ್ತು ಎಂಬುದನ್ನು ನೆನೆದರೆ ಇದರಲ್ಲಿ ಅಚ್ಚರಿಯೇನಿಲ್ಲ.

ಕಾಯಿಯ ಪೆಟ್ಟು ಎಷ್ಟು?

ಸಿಪ್ಪೆ ಸಮೇತ ಒಂದೂವರೆ ಕೆ.ಜಿ. ತೂಗುವ ತೆಂಗಿನಕಾಯಿ ಹದಿನೈದು ಮೀಟರ್ ಎತ್ತರದಿಂದ ಬಿತ್ತು ಎಂದುಕೊಳ್ಳಿ. ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಅರವತ್ತು ಕಿ.ಮೀ. ದಾಟಿರುತ್ತದೆ. ಪೆಟ್ಟಿನ ಬಲ ಸುಮಾರು 220 ಜೂಲ್. ಸರಳವಾಗಿ ಹೇಳಬೇಕೆಂದರೆ 22 ಕೆ.ಜಿ.ಯ ಮೂಟೆಯನ್ನು ಒಂದು ಮೀಟರ್ ಮೇಲಿಂದ ತಲೆಯ ಮೇಲೆ ಹಾಕಿದ ಹಾಗೆ! ತಲೆಗೆ ಸುತ್ತಿದ ಟವೆಲ್ ಇದನ್ನು ತಡೆಯದು. ತಗಡಿನ ಟಾಪ್ ತಡೆದೀತು.

ಇನ್ನೊಂದು ಕಾರಣ ಬಿಳಿನೊಣ. ಸುರುಳಿ ಸುರುಳಿಯಾಗಿ ಮೊಟ್ಟೆ ಇಡುವ ರುಗೋಸ್ ಬಿಳಿನೊಣ ಭಾರತದಲ್ಲಿ ಮೊದಲು ಕಂಡದ್ದೇ ಪೊಳ್ಳಾಚಿಯ ತೆಂಗಿನಲ್ಲಿ, 2016ರಲ್ಲಿ. ಆಮೇಲೆ ಅದು ಕರ್ನಾಟಕ, ಕೇರಳ, ಆಂಧ್ರಕ್ಕೂ ಹಬ್ಬಿತು. ಇದಕ್ಕೆ ವಿಷ ಹೊಡೆದರೆ ಬಿಳಿನೊಣವನ್ನು ಕೊಲ್ಲುವ ಎನ್‌ಕಾರ್ಸಿಯಾ ಎಂಬ ಪುಟ್ಟ ಕಣಜವೂ ಸಾಯುತ್ತದೆ. ಆದ್ದರಿಂದ ಗರಿಯ ತಳಕ್ಕೆ ಜೋರಾಗಿ ನೀರು ಹೊಡೆದು ತೊಳೆಯಿರಿ ಎಂಬುದು ವಿಜ್ಞಾನಿಗಳ ಸಲಹೆ. ಮೇಲಕ್ಕೆ ಹೊಡೆದ ನೀರು, ಕಪ್ಪು ಬೂಷ್ಟು, ಅಂಟು ಎಲ್ಲ ವಾಪಸ್ ಬೀಳುವುದು ಟ್ರ್ಯಾಕ್ಟರ್ ಮೇಲೆ ಕೂತವರ ಮೈಮೇಲೆಯೇ.

ಕಳಚುವಂತೆ ಏಕಿರಬೇಕು?

ಟಾಪನ್ನು ಒಮ್ಮೆ ವೆಲ್ಡ್ ಮಾಡಿ ಕೂರಿಸಿದರೆ ಆಯ್ತಲ್ಲ ಎನ್ನಬಹುದು. ಆಗುವುದಿಲ್ಲ. ತೆಂಗಿನಲ್ಲಿ ಮರದಿಂದ ಮರಕ್ಕೆ 25 ಅಡಿ ಅಂತರ ಬಿಡುವುದು ವಾಡಿಕೆ, ಅಲ್ಲಿ ಟ್ರ್ಯಾಕ್ಟರ್ ಆರಾಮಾಗಿ ತಿರುಗುತ್ತದೆ. ಅದೇ ಬಾಳೆಯಲ್ಲಿ ಸಾಲಿನ ಅಂತರ ಆರಡಿಯ ಆಸುಪಾಸು. ಅಲ್ಲಿ ಎತ್ತರದ ಟಾಪ್ ಎಲೆ ಹರಿಯುತ್ತದೆ, ಗೊನೆಗೆ ಬಡಿಯುತ್ತದೆ. ಗಿಡ್ಡ ತಳಿಯ ತೆಂಗಿನ ಗರಿಯೂ ಅಷ್ಟೆ, ತಲೆಯ ಮಟ್ಟಕ್ಕೇ ಬಾಗಿರುತ್ತದೆ. ಮನೆಯ ಶೆಡ್ಡಿನ ಬಾಗಿಲು ಏಳಡಿಗಿಂತ ಎತ್ತರ ಇಲ್ಲದಿದ್ದರೆ ಟ್ರ್ಯಾಕ್ಟರ್ ಒಳಗೇ ಹೋಗದು. ಮಿನಿ ಟ್ರ್ಯಾಕ್ಟರ್ ಕೊಳ್ಳುವುದೇ ಇಕ್ಕಟ್ಟಿನಲ್ಲಿ ನುಗ್ಗಲಿ ಅಂತ. ಆ ಗುಣವನ್ನೇ ಟಾಪ್ ಕೆಡಿಸಿದರೆ ಹಾಕಿದ ದುಡ್ಡು ದಂಡ.

ಚಳಿ ದೇಶಗಳಲ್ಲಿಯೂ ರೈತರು ಇಂಥ ಕ್ಯಾಬಿನ್ ಕಟ್ಟಿಕೊಳ್ಳುವುದುಂಟು. ಅಲ್ಲಿ ಹಿಮ ತಳ್ಳುವ ತಿಂಗಳಲ್ಲಿ ಕೂರಿಸಿ ಬೇಸಿಗೆಯಲ್ಲಿ ಬಿಚ್ಚಿಡುತ್ತಾರೆ. ಇಲ್ಲಿ ಗಾಳಿಯ ತಿಂಗಳಲ್ಲಿ ಕೂರಿಸಿ ಬಾಳೆಯ ಕೆಲಸಕ್ಕೆ ಬಿಚ್ಚಬೇಕು. ಭಾರತದಲ್ಲಿ ಎ.ಸಿ. ಕ್ಯಾಬಿನ್ ಸಮೇತ ಬರುವ ಟ್ರ್ಯಾಕ್ಟರುಗಳು ಹೆಚ್ಚಾಗಿ ದೊಡ್ಡ ಎಚ್‌ಪಿಯವೇ. ಬೆಂಗಳೂರಿನ ವಿಎಸ್‌ಟಿ ಕಂಪನಿಯ 18.5 ಎಚ್‌ಪಿ, ಮಹೀಂದ್ರದ 15 ಎಚ್‌ಪಿ ಯುವರಾಜ್‌ನಂಥ ಸಣ್ಣ ಗಾಡಿಗೆ ಬೇಕಾದ್ದನ್ನು ರೈತರೇ ಮಾಡಿಸಿಕೊಳ್ಳಬೇಕು.

ಪಟ್ಟರೈಗಳ ಊರು

ಮಾಡಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸೀಮೆ ಇಲ್ಲ. 1888ರಲ್ಲಿ ಸ್ಟೇನ್ಸ್ ಕುಟುಂಬದ ನೂಲಿನ ಗಿರಣಿ ಶುರುವಾದ ಊರು ಕೊಯಮತ್ತೂರು. 1930ರ ದಶಕದಲ್ಲಿ ನೀಲಗಿರಿಯ ಪೈಕಾರದಿಂದ ಕರೆಂಟು ಬಂದ ಮೇಲೆ ಗಿರಣಿಗಳು ಹೆಚ್ಚಿದವು. ಗಿರಣಿಗೆ ಬಿಡಿಭಾಗ, ಬಾವಿಗೆ ಪಂಪು, ಪಂಪಿಗೆ ಮೋಟಾರು ಎಂದು ಲೇತ್ ಕೆಲಸ ಬೀದಿಬೀದಿಗೆ ಹಬ್ಬಿತು. ಬಸ್ ಓಡಿಸುತ್ತಲೇ ಯಂತ್ರಗಳನ್ನು ತಯಾರಿಸಿದ ಜಿ.ಡಿ. ನಾಯ್ಡು (1893–1974) ಈ ಊರಿನವರೇ. ತಿರುಪ್ಪೂರಿನ ಪಕ್ಕದ ಕರೂರಂತೂ ಬಸ್ಸು ಬಾಡಿ ಕಟ್ಟುವುದಕ್ಕೇ ಹೆಸರಾದ ಊರು. ತಮಿಳಿನಲ್ಲಿ ‘ಪಟ್ಟರೈ’ ಎನ್ನುವ ಸಣ್ಣ ವರ್ಕ್‌ಶಾಪು ಇಲ್ಲದ ಪೇಟೆ ಈ ಕಡೆ ಸಿಗುವುದು ಕಷ್ಟ. ಪೈಪು, ತಗಡು, ವೆಲ್ಡಿಂಗ್ ಎಲ್ಲ ಒಂದೇ ಬೀದಿಯಲ್ಲಿ.

ತೂಕ ಮೊದಲು, ಅಂದ ಆಮೇಲೆ

ಕ್ಯಾಬಿನ್ ಕಟ್ಟುವವರು ಮೊದಲು ಕೈಗೆ ತಗೋಬೇಕಾದ್ದು ವೆಲ್ಡಿಂಗ್ ರಾಡ್ ಅಲ್ಲ, ಬಿದಿರುಗಳ. ಬಿದಿರು, ರಟ್ಟು, ಹಗ್ಗದಿಂದ ಟ್ರ್ಯಾಕ್ಟರ್ ಮೇಲೆ ಒಂದು ಮಾದರಿ ನಿಲ್ಲಿಸಿ ಚಾಲಕನನ್ನು ಕೂರಿಸಬೇಕು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮೊಣಕೈ ತಾಗುತ್ತದೆಯೇ? ಕ್ಲಚ್ ತುಳಿದಾಗ ಮಂಡಿ ಬಡಿಯುತ್ತದೆಯೇ? ಹೈಡ್ರಾಲಿಕ್ ಪೂರ್ತಿ ಎತ್ತಿದಾಗ ಹಿಂದಿನ ರೋಟವೇಟರ್ ಹಿಂದಿನ ಗಾಜಿಗೆ ತಾಗುತ್ತದೆಯೇ? ಹಿಂತಿರುಗಿದರೆ ಪಿಟಿಒ ಕಾಣುತ್ತದೆಯೇ? ಇವೆಲ್ಲ ಬಿದಿರಿನಲ್ಲೇ ಗೊತ್ತಾಗಬೇಕು. ಕಬ್ಬಿಣದಲ್ಲಿ ಗೊತ್ತಾದರೆ ಕತ್ತರಿಸುವ ಖರ್ಚು ಬೇರೆ.

ಇನ್ನು ತೂಕದ ಲೆಕ್ಕ. 40 ಮಿ.ಮೀ. ಚೌಕದ, 3 ಮಿ.ಮೀ. ದಪ್ಪದ ಪೈಪು ಮೀಟರಿಗೆ ಮೂರೂವರೆ ಕೆ.ಜಿ. ತೂಗುತ್ತದೆ. ಒಂದೂವರೆ ಮೀಟರಿನ ನಾಲ್ಕು ಕಂಬಕ್ಕೆ 21 ಕೆ.ಜಿ. ಮೇಲಿನ ಚೌಕಟ್ಟಿಗೆ, ಅಡ್ಡಪಟ್ಟಿಗೆ 25 ಮಿ.ಮೀ. ಪೈಪು, 2 ಮಿ.ಮೀ. ದಪ್ಪದ್ದು ಸಾಕು. ಎಂಟು ಮೀಟರಿಗೆ ಹನ್ನೊಂದೂವರೆ ಕೆ.ಜಿ. ಒಂದು ಮಿ.ಮೀ. ತಗಡಿನ ಮೇಲ್ಛಾವಣಿ ಸುಮಾರು 13 ಕೆ.ಜಿ. ಮುಂದೆ-ಹಿಂದೆ ಸೇರಿ 2.4 ಚದರ ಮೀಟರ್ ಪಾಲಿಕಾರ್ಬನೇಟ್ ಶೀಟು, 4 ಮಿ.ಮೀ.ಯದು ಹಾಕಿದರೆ ಹನ್ನೊಂದೂವರೆ ಕೆ.ಜಿ. ಅದೇ ಜಾಗಕ್ಕೆ 5 ಮಿ.ಮೀ. ಗಾಜು ಹಾಕಿದರೆ 30 ಕೆ.ಜಿ.! ಅಲ್ಲದೆ ಕಿಟಕಿಗೆ ಬಳಸುವ ಸಾದಾ ಗಾಜು ಒಡೆದರೆ ಚೂರಿಯಂತೆ ಮೈಗೆ ಇಳಿಯುತ್ತದೆ, ಅದು ಬೇಡವೇ ಬೇಡ. ಅಕ್ಕಪಕ್ಕಕ್ಕೆ ಸುತ್ತಿ ಮೇಲೆ ಕಟ್ಟುವ ತಾರ್ಪಾಲಿನ ಪರದೆ, ಬೋಲ್ಟು, ರಬ್ಬರ್ ಸೇರಿಸಿ ಇನ್ನೈದು ಕೆ.ಜಿ. ಒಟ್ಟು ಅರವತ್ತೆರಡು ಕೆ.ಜಿ. ಆಸುಪಾಸು. ಪೈಪು, ತಗಡು ಎರಡೂ ಕೆ.ಜಿ. ಲೆಕ್ಕದಲ್ಲೇ ಸಿಗುವುದರಿಂದ ತೂಕ ಗೊತ್ತಾದರೆ ಖರ್ಚೂ ಗೊತ್ತಾದಂತೆ.

ಮೇಲ್ಛಾವಣಿ ಸಪಾಟಾಗಿರದೆ ಹಿಂದಕ್ಕೆ ಸ್ವಲ್ಪ ಇಳಿಜಾರಿರಲಿ. ಮಳೆನೀರು ನಿಲ್ಲುವುದಿಲ್ಲ, ಬಿದ್ದ ಕಾಯಿ ಉರುಳಿ ಹೋಗುತ್ತದೆ. ಅಡಿಗೊಂದರಂತೆ ಅಡ್ಡಪಟ್ಟಿ ಇದ್ದರೆ ತಗಡು ಒಳಕ್ಕೆ ಬಗ್ಗುವುದು ಕಡಿಮೆ. ಪಾಲಿಕಾರ್ಬನೇಟ್ ಶೀಟಿನಲ್ಲಿ ಬಿಸಿಲು ತಡೆಯುವ ಲೇಪನ ಇರುವ ಮುಖ ಹೊರಗಡೆ ಬರಬೇಕು. ಧೂಳನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಗೀರು ಬಿದ್ದು ಮಬ್ಬಾಗುತ್ತದೆ. ನೀರು ಹಾಕಿ ತೊಳೆಯಬೇಕು, ಪೆಟ್ರೋಲು-ಥಿನ್ನರ್ ಮುಟ್ಟಿಸಬಾರದು.

ಕೂರಿಸುವ ವಿಧಾನವೂ ಮುಖ್ಯ. ಟ್ರ್ಯಾಕ್ಟರಿನ ಮೈಗೆ ಹೊಸ ತೂತು ಕೊರೆಯಬಾರದು, ವೆಲ್ಡ್ ಮಾಡಬಾರದು. ಕಂಪನಿಯೇ ಕೊಟ್ಟಿರುವ ಬೋಲ್ಟಿನ ಜಾಗದಲ್ಲಿ ಅದೇ ದರ್ಜೆಯ, ಸ್ವಲ್ಪ ಉದ್ದದ ಬೋಲ್ಟು ಹಾಕಿ ಬ್ರಾಕೆಟ್ ಹಿಡಿಸಬೇಕು. ಬರೀ ಮಡ್‌ಗಾರ್ಡಿನ ತಗಡಿನ ಮೇಲೆ ಕಂಬ ನಿಲ್ಲಿಸಿದರೆ ನಾಲ್ಕು ದಿನದಲ್ಲಿ ತಗಡು ಸೀಳುತ್ತದೆ. ಬ್ರಾಕೆಟ್ಟಿಗೂ ಕಂಬಕ್ಕೂ ನಡುವೆ ರಬ್ಬರ್ ಬುಷ್ ಇರಲಿ. ಕೆಳಗಿನ ನಾಲ್ಕು ಪಿನ್ ಎಳೆದರೆ ಕ್ಯಾಬಿನ್ ಬಿಡಬೇಕು, ಪಿನ್ನಿಗೆ ತಪ್ಪದೆ ಲಾಕ್ ಇರಬೇಕು.

ಅರವತ್ತು ಕೆ.ಜಿ.ಯನ್ನು ತಲೆಯೆತ್ತರಕ್ಕೆ ಎತ್ತುವುದು ಒಬ್ಬರ ಕೆಲಸವಲ್ಲ. ಶೆಡ್ಡಿನ ಗಟ್ಟಿ ತೊಲೆಗೆ ಚೈನ್ ಪುಲ್ಲಿ ಕಟ್ಟಿ, ಟ್ರ್ಯಾಕ್ಟರನ್ನು ಅದರಡಿ ನಿಲ್ಲಿಸಿ, ಪಿನ್ ತೆಗೆದು ಕ್ಯಾಬಿನ್ ಮೇಲಕ್ಕೆ ಎಳೆದು ತೂಗುಬಿಟ್ಟರೆ ಜಾಗವೂ ಉಳಿಯುತ್ತದೆ. ಹಾಗೆ ತೂಗುಬಿಟ್ಟದ್ದರ ಕೆಳಗೆ ಮಕ್ಕಳು ಆಡದಂತೆ ನೋಡಿಕೊಳ್ಳುವುದು ಮನೆಯವರ ಜವಾಬ್ದಾರಿ.

ಅಸಲಿ ಅಪಾಯ ಇಲ್ಲಿದೆ

ನಾಲ್ಕು ಕಡೆ ಕಬ್ಬಿಣದ ಕಂಬ, ಮೇಲೆ ತಗಡು. ಒಳಗೆ ಕೂತವರಿಗೆ ‘ಇನ್ನೇನು ಭಯ’ ಅನ್ನಿಸುವುದು ಸಹಜ. ಆ ಧೈರ್ಯವೇ ಮೋಸ. ಬಿಸಿಲು ತಡೆಯುವ ಕ್ಯಾಬಿನ್ ಬೇರೆ, ಟ್ರ್ಯಾಕ್ಟರ್ ಪಲ್ಟಿಯಾದಾಗ ಜೀವ ಉಳಿಸುವ ರೋಲ್‌ಬಾರ್ ಬೇರೆ.

ರೋಲ್‌ಬಾರನ್ನು ಕಂಪನಿಗಳು ಪರೀಕ್ಷೆ ಮಾಡಿಯೇ ಕೊಡುತ್ತವೆ. ಅಂತರರಾಷ್ಟ್ರೀಯ ಒಇಸಿಡಿ ನಿಯಮದ ಪರೀಕ್ಷೆಯಲ್ಲಿ ಅದನ್ನು ಹಿಂದಿನಿಂದ, ಪಕ್ಕದಿಂದ ತಳ್ಳುತ್ತಾರೆ. ಮೇಲಿಂದ ಟ್ರ್ಯಾಕ್ಟರಿನ ತೂಕದ ಸುಮಾರು ಎರಡರಷ್ಟು ಭಾರ ಹೇರುತ್ತಾರೆ. 700 ಕೆ.ಜಿ.ಯ ಗಾಡಿಯಾದರೆ 1,400 ಕೆ.ಜಿ. ಪಕ್ಕದ ತಳ್ಳುವಿಕೆಯಲ್ಲಿ ತಡೆಯಬೇಕಾದ ಬಲ 1,225 ಜೂಲ್, ಅಂದರೆ ಮೇಲೆ ಹೇಳಿದ ತೆಂಗಿನಕಾಯಿಯ ಪೆಟ್ಟಿನ ಐದು ಪಟ್ಟಿಗೂ ಹೆಚ್ಚು. ಇಷ್ಟಾದರೂ ಚಾಲಕ ಕೂರುವ ಜಾಗ ನಜ್ಜುಗುಜ್ಜಾಗಬಾರದು. ಪಟ್ಟರೈಯಲ್ಲಿ ಬೆಸೆದ ಪೈಪಿಗೆ ಇಂಥ ಪರೀಕ್ಷೆ ಎಲ್ಲಿಂದ ಬರಬೇಕು?

ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಈ ರಕ್ಷಣೆಯನ್ನು ಕಡ್ಡಾಯ ಮಾಡಿತು. ಬ್ರಿಟನ್ 1970ರಲ್ಲಿ ಅದೇ ದಾರಿ ಹಿಡಿಯಿತು. ಟ್ರ್ಯಾಕ್ಟರ್ ಉರುಳಿ ಸಾಯುವವರ ಸಂಖ್ಯೆ ಆ ದೇಶಗಳಲ್ಲಿ ತೀರಾ ಇಳಿಯಿತು. ರೋಲ್‌ಬಾರ್ ಜೊತೆ ಸೀಟ್‌ಬೆಲ್ಟ್ ಹಾಕಿದರೆ ಪಲ್ಟಿಯಾದಾಗಿನ ಸಾವು, ತೀವ್ರ ಗಾಯಗಳನ್ನು ತಡೆಯುವುದರಲ್ಲಿ ಅದು ಶೇ 99ರಷ್ಟು ಪರಿಣಾಮಕಾರಿ ಎನ್ನುತ್ತದೆ ಅಮೆರಿಕದ ಕಾರ್ಮಿಕ ಸುರಕ್ಷಾ ಸಂಸ್ಥೆ ನಿಯೋಶ್.

ಆದ್ದರಿಂದ ಮೊದಲ ನಿಯಮ: ಟ್ರ್ಯಾಕ್ಟರಿಗೆ ಕಂಪನಿಯ ರೋಲ್‌ಬಾರ್ ಇದ್ದರೆ, ಕ್ಯಾಬಿನ್ ಕೂರಿಸಲು ಅಡ್ಡ ಬರುತ್ತದೆ ಎಂದು ಅದನ್ನು ಬಿಚ್ಚಿ ಮೂಲೆಗೆ ಎಸೆಯಬಾರದು. ಅದನ್ನು ಕೊರೆಯುವುದು, ಬೆಸೆಯುವುದು, ಬಗ್ಗಿಸುವುದೂ ಬೇಡ. ಕ್ಯಾಬಿನ್ನೇ ಅದರ ಸುತ್ತ ಹೊಂದಿಕೊಳ್ಳಲಿ, ಬೇಕಿದ್ದರೆ ಕ್ಲ್ಯಾಂಪ್ ಹಾಕಿ ಹಿಡಿಸಬಹುದು. ಮಡಚುವ ರೋಲ್‌ಬಾರ್ ಆದರೆ ನಿಲ್ಲಿಸಿಯೇ ಇರಬೇಕು, ಬೆಲ್ಟ್ ಹಾಕಬೇಕು. ರೋಲ್‌ಬಾರೇ ಇಲ್ಲದ ಅಥವಾ ಮಡಚಿರುವ ಗಾಡಿಯಲ್ಲಿ ಬೆಲ್ಟ್ ಹಾಕಬಾರದು. ಉರುಳಿದಾಗ ಬೆಲ್ಟೇ ಚಾಲಕನನ್ನು ಗಾಡಿಯಡಿಗೆ ಕಟ್ಟಿಹಾಕುತ್ತದೆ.

ಎರಡನೆಯದು ಗುರುತ್ವದ ಲೆಕ್ಕ. 700 ಕೆ.ಜಿ.ಯ ಗಾಡಿಯ ತೂಕದ ನಡುಬಿಂದು ನೆಲದಿಂದ 55 ಸೆಂ.ಮೀ. ಎತ್ತರದಲ್ಲಿದೆ, ಎಡಬಲ ಚಕ್ರಗಳ ನಡುವೆ 80 ಸೆಂ.ಮೀ. ಇದೆ ಎಂದು ಹಿಡಿಯೋಣ. ನಿಂತ ಗಾಡಿ ಪಕ್ಕಕ್ಕೆ ವಾಲಿ ಉರುಳಲು 36 ಡಿಗ್ರಿ ಬೇಕು. ಒಂದೂವರೆ ಮೀಟರ್ ಎತ್ತರದಲ್ಲಿ 62 ಕೆ.ಜಿ. ಸೇರಿಸಿದರೆ ಅದು 32 ಡಿಗ್ರಿಗೆ ಇಳಿಯುತ್ತದೆ. ಗಾಜು, ತಗಡಿನ ಬಾಗಿಲು ಎಲ್ಲ ಹಾಕಿ 120 ಕೆ.ಜಿ. ಮಾಡಿದರೆ 30 ಡಿಗ್ರಿ. ಇದು ನಿಂತಾಗಿನ ಮಾತು. ಓಡುವಾಗ, ತಿರುಗಿಸುವಾಗ, ಒಂದು ಚಕ್ರ ಬದುವಿಗೆ ಹತ್ತಿದಾಗ ಇನ್ನೂ ಬೇಗ ಮಗುಚುತ್ತದೆ. ಬದು, ನೀರಿನ ಕಾಲುವೆ ದಂಡೆ, ಇಳಿಜಾರಿನ ಹೊಲ ಇರುವ ಕಡೆ ಕ್ಯಾಬಿನ್ ಕಳಚಿಡುವುದೇ ಮೇಲು.

ಡಬ್ಬಿಯೊಳಗಿನ ಸದ್ದು, ಸೆಖೆ

ಬ್ರಿಟನ್ನಿನಲ್ಲಿ ಮೊದಮೊದಲು ಬಂದ ತಗಡಿನ ಕ್ಯಾಬಿನ್‌ಗಳು ಚಾಲಕರ ಜೀವ ಉಳಿಸಿದವು, ಕಿವಿ ಕೆಡಿಸಿದವು. ಎಂಜಿನ್ ಸದ್ದು ಒಳಗೇ ಗುಂಯ್‌ಗುಟ್ಟುತ್ತಿತ್ತು. ಕೊನೆಗೆ ಸರ್ಕಾರ 1970ರ ದಶಕದ ನಡುವೆ ಕ್ಯಾಬಿನ್ನಿನೊಳಗಿನ ಸದ್ದಿಗೆ 90 ಡೆಸಿಬಲ್ ಮಿತಿ ಹಾಕಬೇಕಾಯಿತು. ಇಲ್ಲಿ ಕಟ್ಟುವವರೂ ತಗಡಿನ ಒಳಮೈಗೆ ರಬ್ಬರ್ ಅಥವಾ ಫೋಮ್ ಹಾಳೆ ಅಂಟಿಸಿ, ಅಲುಗುವ ಕಡೆ ರಬ್ಬರ್ ಪಟ್ಟಿ ಇಟ್ಟರೆ ಕಿವಿಗೆ ಒಳ್ಳೆಯದು.

ಸೈಲೆನ್ಸರ್ ಹೊಗೆ ಕ್ಯಾಬಿನ್ನಿನೊಳಕ್ಕೆ ತಿರುಗದಂತೆ ನೋಡಬೇಕು. ಫ್ಯಾನ್, ಎ.ಸಿ. ಇಲ್ಲದೆ ನಾಲ್ಕೂ ಕಡೆ ಮುಚ್ಚಿದರೆ ಏಪ್ರಿಲ್ ಬಿಸಿಲಿನಲ್ಲಿ ಅದು ಒಲೆಯೇ ಸರಿ. ಮುಂದಿನ ಶೀಟು ತೆರೆಯುವಂತಿರಲಿ, ಪಕ್ಕದ ಪರದೆ ಸುತ್ತುವಂತಿರಲಿ. ಎಡಕ್ಕೂ ಬಲಕ್ಕೂ ಇಳಿಯುವ ದಾರಿ ಇರಲೇಬೇಕು. ಒಂದು ಕಡೆ ಮಗುಚಿದರೆ ಇನ್ನೊಂದು ಕಡೆಯಿಂದ ಹೊರಬರಬೇಕಲ್ಲ!

ಔಷಧಿ ಹೊಡೆಯುವವರಿಗೊಂದು ಎಚ್ಚರಿಕೆ. ತಾರ್ಪಾಲಿನ ಪರದೆ ಹನಿಯನ್ನು ಅಷ್ಟಿಷ್ಟು ತಡೆಯುತ್ತದೆ, ವಿಷದ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಇದ್ದಿಲಿನ ಫಿಲ್ಟರ್ ಇರುವ, ಬಿಗಿಯಾಗಿ ಮುಚ್ಚಿದ ಕಂಪನಿ ಕ್ಯಾಬಿನ್ನೇ ಬೇಕು. ಮನೆಯ ಕ್ಯಾಬಿನ್ ಇದೆ ಎಂದು ಮಾಸ್ಕು, ಗ್ಲೌಸು ಬಿಡುವಂತಿಲ್ಲ.

ಕಾನೂನು ಏನನ್ನುತ್ತೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮಾದರಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಖಚಿತವಾಗಿ ಹೇಳಿತು. ಪಿನ್ ಎಳೆದರೆ ಬಿಡುವ ಟಾಪ್ ಆದರೂ ರಸ್ತೆಗೆ ಇಳಿಸುವ ಮುಂಚೆ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಒಂದು ಮಾತು ಕೇಳಿಕೊಳ್ಳುವುದು ಜಾಣತನ. ಲೈಟು, ಇಂಡಿಕೇಟರ್, ನಂಬರ್ ಪ್ಲೇಟು ಮುಚ್ಚಿಹೋಗದಂತೆ ಕಟ್ಟುವುದು ಹೇಗೂ ಬೇಕೇ ಬೇಕು.

ಲಾರಿ ಚಾಲಕರ ಸೆಖೆ ಸರ್ಕಾರದ ಕಣ್ಣಿಗೆ ಬಿದ್ದಿದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ, ಭಾರಿ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಇರಬೇಕೆಂದು 2023ರ ಡಿಸೆಂಬರಿನಲ್ಲೇ ಅಧಿಸೂಚನೆ ಹೊರಬಿತ್ತು. ಟ್ರ್ಯಾಕ್ಟರ್ ಈ ನಿಯಮದೊಳಗೆ ಬರುವುದಿಲ್ಲ. ಹೊಲದಲ್ಲಿ ಕೂತವರ ನೆರಳು ಇನ್ನೂ ಅವರವರ ಜೇಬಿನ ಮೇಲೆಯೇ ನಿಂತಿದೆ.

ಕೇಳಲು ಜಾಗ ಇದೆ

ಕೊಯಮತ್ತೂರಿನಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಕೃಷಿ ಎಂಜಿನಿಯರಿಂಗ್ ಕಾಲೇಜು ಇದೆ. ಕೇಂದ್ರ ಕೃಷಿ ಎಂಜಿನಿಯರಿಂಗ್ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಅದೇ ಊರಿನಲ್ಲಿದೆ. ಕರ್ನಾಟಕದ ಕಡೆಯವರಿಗೆ ಬೆಂಗಳೂರಿನ ಜಿಕೆವಿಕೆ, ರಾಯಚೂರಿನ ಕೃಷಿ ವಿ.ವಿ. ಇವೆ. ಅನಂತಪುರದ ಬಳಿ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರಗಳ ತರಬೇತಿ, ಪರೀಕ್ಷಾ ಸಂಸ್ಥೆ ಇದೆ. ಪಟ್ಟರೈಗೆ ಹೋಗುವ ಮುಂಚೆ ನಕ್ಷೆ ಹಿಡಿದು ಇಂಥ ಕಡೆ ಹೋದರೆ ಕೇಳಿ ತಿಳಿಯಬಹುದು. ಹೊಸ ಟ್ರ್ಯಾಕ್ಟರ್ ಕೊಳ್ಳುವವರು ಡೀಲರ್ ಹತ್ತಿರ ಸಬ್ಸಿಡಿ ಎಷ್ಟು ಅಂತ ಕೇಳುವಾಗಲೇ ರೋಲ್‌ಬಾರ್ ಉಂಟೋ ಇಲ್ಲವೋ ಅಂತಲೂ ಕೇಳಿಬಿಡಬೇಕು. ಟಾಪನ್ನು ಆಮೇಲೆ ಯಾವ ಪಟ್ಟರೈಯಲ್ಲಾದರೂ ಮಾಡಿಸಬಹುದು. ರೋಲ್‌ಬಾರ್ ಮಾತ್ರ ಕಂಪನಿಯದ್ದೇ ಆಗಬೇಕು.